ಮೊಸರಿನ ಚಿಕ್ಕಗಂಗಮ್ಮನೂ ಅವಳ ದೊರೆಯೂ

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಗಡಿಕಲ್ಲುಗಳೇ ಹೆಚ್ಚು. ಸೈಟು ಅಳೆದು ಕಲ್ಲು ನೆಟ್ಟಿದ್ದರು, ರಸ್ತೆಯೆಂದು ಕೆಮ್ಮಣ್ಣು ಹರಡಿದ್ದರು. ಅಲ್ಲೊಂದು ಇಲ್ಲೊಂದು ಹೊಸ ಮನೆ ಸುಣ್ಣದ ವಾಸನೆ ಬೀರುತ್ತ ನಿಂತಿರುತ್ತಿತ್ತು. ಮಿಕ್ಕಿದ್ದೆಲ್ಲ ಹುರುಳಿ, ಅವರೆಯ ಹೊಲ. ಆ ಮನೆಗಳಿಗೆ ಬೆಳಗಾದರೆ ಮೊಸರು ತರುತ್ತಿದ್ದವಳು ಹೆಗ್ಗನಹಳ್ಳಿಯ ಚಿಕ್ಕಗಂಗಮ್ಮ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮಡಕೆ, ಬಾಯಲ್ಲಿ ಎಲೆಅಡಿಕೆ, ಹಿಂದೆ ದೊರೆ.

ದೊರೆ ಅವಳ ನಾಯಿ. ಗಂಡ ಬೈರಪ್ಪ ಕುರಿ ಮೇಯಿಸುತ್ತಿದ್ದ ಕಾಲದಲ್ಲಿ ಶ್ರೀಗಂಧದ ಕಾವಲೆಂಬ ಹುಲ್ಲುಗಾವಲಿನಲ್ಲಿ ಮಂದೆಯ ನಡುವೆಯೇ ಬೆಳೆದವನು. ಅಲ್ಲಿ ಅವನು ಕಂಡ ಬೇರೆ ನಾಯಿಗಳೆಲ್ಲ ಮರಿಗಳಿಗೆ ಬಾಯಿ ಹಾಕಲು ಬಂದವೇ. ಆಮೇಲೆ ಬೈರಪ್ಪ ಕುರಿಗಳನ್ನು ಮಾರಿ, ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರಲ್ಲಿ ಗೇಟು ಕಾಯಲು ಸೇರಿಕೊಂಡ. ಗಂಡನಿಗೆ ಕೆಲಸ ಸಿಕ್ಕಿತು, ನಾಯಿಯ ಕೆಲಸ ಹೋಯಿತು. ಕಾಯಲು ಕುರಿಯಿಲ್ಲದ ದೊರೆ ಚಿಕ್ಕಗಂಗಮ್ಮನನ್ನೇ ತನ್ನ ಮಂದೆ ಮಾಡಿಕೊಂಡ. ಊರಬಾವಿಯ ಹತ್ತಿರ ಅವಳಿದ್ದರೆ ಬೇರೆ ನಾಯಿ ಸುಳಿಯುವಂತಿಲ್ಲ. ಅರಳಿಕಟ್ಟೆಯ ನೆರಳಲ್ಲಿ ಯಾವುದು ಎಲ್ಲಿ ಮಲಗಬೇಕೆಂಬುದೂ ಅವನದೇ ಅಪ್ಪಣೆ.

ಊರಲ್ಲಿ ನಡೆದ ದೊರೆತನ ಪೇಟೆಯಲ್ಲಿ ನಡೆಯಲಿಲ್ಲ. ಒಂದು ಬೆಳಿಗ್ಗೆ ಚಕ್ರಪಾಣಿಯವರ ಮನೆಯ ಮುಂದೆ, ಅವರ ಹೆಂಡತಿ ಅಲಮೇಲು ಪಾತ್ರೆ ಹಿಡಿದು ಬರುವಾಗ, ಅವರ ನಾಯಿ ಜಿಮ್ಮಿ ಬಾಲ ಅಲ್ಲಾಡಿಸುತ್ತ, ಕೆಳಗಿಳಿಸಿದ್ದ ಮಡಕೆಯ ಹತ್ತಿರ ಬಂತು. ದೊರೆ ಎಗರಿದ. ಬಿಡಿಸುವಷ್ಟರಲ್ಲಿ ಜಿಮ್ಮಿಯ ಕಿವಿ ಹರಿದಿತ್ತು, ಮಡಕೆ ಒಡೆದು ಮೊಸರೆಲ್ಲ ಕೆಮ್ಮಣ್ಣಿಗೆ ಬಿದ್ದಿತ್ತು.

ಅಲಮೇಲು ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಅಕ್ಕಪಕ್ಕ ಮಾತಿಗೊಂದು ಮನೆಯಿಲ್ಲದ ಆ ಬಯಲಲ್ಲಿ ಜಿಮ್ಮಿಯೇ ಅವಳ ಜೊತೆ. ಅಳುತ್ತಲೇ ಅವಳು, "ನೀವು ಬನ್ನಿ ಗಂಗಮ್ಮ, ಈ ನಾಯಿ ಮಾತ್ರ ನಮ್ಮ ಬೀದಿಗೆ ಕಾಲಿಡಕೂಡದು," ಎಂದಳು.

ಮನೆಯಲ್ಲಿ ಕಟ್ಟಿಹಾಕಿದರೆ ದೊರೆ ಊರೇ ಎದ್ದು ಕೂರುವಂತೆ ಗೋಳಿಟ್ಟ, ಹಗ್ಗ ಕಡಿದು ಬಂದ. ಹಗ್ಗ ಹಿಡಿದು ಕರೆದೊಯ್ದರೆ ಇನ್ನೂ ಕಷ್ಟ. ದೂರದಲ್ಲಿ ನಾಯಿಯೊಂದು ಕಂಡರೆ ಸಾಕು, ಎರಡು ಕಾಲ ಮೇಲೆ ನಿಂತು ಕುಣಿಯುತ್ತಿದ್ದ.

"ಹಿಂಗಾದ್ರೆ ಕಾವಲ್‌ನಾಗೆ ಬಿಟ್ಬರ್ತೀನಿ ಕಣೇ," ಎಂದ ಬೈರಪ್ಪ.

"ಅವನ್ನ ಬಿಡಕ್ ಹೋಗೋ ದಿನ ನಂಗೂ ಬುತ್ತಿ ಕಟ್ಕೊಡು," ಎಂದಳು ಅವಳು. ಆ ಮಾತು ಅಲ್ಲಿಗೇ ನಿಂತಿತು.

ದಾರಿ ತೋರಿಸಿದ್ದು ಒಂದು ಆಕಸ್ಮಿಕ. ಸುಂಕದಕಟ್ಟೆಯ ಹತ್ತಿರ ತವರೂರಿನ ಗೆಳತಿಯೊಬ್ಬಳು ಎದುರಾದಳು. ಚಿಕ್ಕಗಂಗಮ್ಮ ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಮಡಕೆ ಹಿಡಿದು, ನಗುತ್ತ ಮಾತಿಗೆ ನಿಂತಳು. ರಸ್ತೆಯ ಆಚೆ ಬದಿಯಲ್ಲಿ ಗಾಡಿಯ ಹಿಂದೆ ನಾಯಿಯೊಂದು ಹಾದುಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗೆಳತಿಯೇ, "ನಿನ್ ನಾಯಿ ಭಾಳಾ ಸಾಧು ಕಣಕ್ಕ," ಎಂದಾಗ ತಿರುಗಿ ನೋಡಿದಳು. ದೊರೆ ಆ ನಾಯಿಯನ್ನು ನೋಡಿದ, ಅವಳ ಮುಖ ನೋಡಿದ, ಕುಳಿತೇ ಇದ್ದ.

ದಾರಿಯುದ್ದಕ್ಕೂ ಅವಳು ಅದನ್ನೇ ಯೋಚಿಸಿದಳು. ನಾಯಿ ಕಂಡ ಕೂಡಲೇ ಹಗ್ಗ ಬಿಗಿಯುತ್ತಿದ್ದವಳು ತಾನು. ಉಸಿರು ಹಿಡಿಯುತ್ತಿದ್ದವಳೂ, "ಏಯ್, ಬ್ಯಾಡ!" ಎಂದು ಕಿರುಚುತ್ತಿದ್ದವಳೂ ತಾನೇ. ಯಜಮಾನಿಯೇ ಬೆದರಿದರೆ ಅವನು ಸುಮ್ಮನೆ ಕೂರುತ್ತಾನೆಯೇ?

ಅಂದಿನಿಂದ ಹಗ್ಗ ಸಡಿಲ ಬಿಟ್ಟಳು. ದೂರದಲ್ಲಿ ನಾಯಿ ಕಂಡರೆ, ದೊರೆಯ ಬೆನ್ನಿನ ಕೂದಲು ನಿಮಿರುವ ಮುಂಚೆಯೇ ಹೊಲದ ಬದುವಿಗೆ ಇಳಿದು, ರಾಗಿ ಬೀಸುವ ಪದವೊಂದನ್ನು ಗುನುಗುತ್ತ ನಡೆದಳು. ನೋಡಿಯೂ ಸುಮ್ಮನಿದ್ದರೆ ಮಡಿಲಲ್ಲಿ ಕಟ್ಟಿಕೊಂಡ ತಂಗಳು ಮುದ್ದೆಯ ಚೂರು. ಕೆಲವು ದಿನ ಎಲ್ಲ ಕೆಟ್ಟು, ಮತ್ತೆ ಎಗರಾಡಿ ಅವಳನ್ನು ಬೀಳಿಸಿದ್ದೂ ಉಂಟು. ಮೊಣಕೈ ತರಚಿಕೊಂಡು ಬಂದ ದಿನ ಬೈರಪ್ಪ ಅರಿಸಿನ ಹಚ್ಚಿದ.

ಅಲಮೇಲುವಿನ ಬೀದಿಯ ತುದಿಗೆ ಬಂದರೆ ದೊರೆಯನ್ನು ಹೊಂಗೆಮರಕ್ಕೆ ಕಟ್ಟಿ ಅವಳೊಬ್ಬಳೇ ಮೊಸರು ಅಳೆಯಲು ಹೋಗುತ್ತಿದ್ದಳು. ಅಲಮೇಲು ಬಾಗಿಲಿನಿಂದಲೇ ಅವನನ್ನು ಕೆಲಕಾಲ ನೋಡಿದಳು. ಒಂದು ದಿನ ಕೇಳಿದಳು: "ಗಂಗಮ್ಮ, ನಮ್ಮ ಜಿಮ್ಮಿನೂ ಈಗ ನಾಯಿ ಕಂಡ್ರೆ ಮಂಚದ ಕೆಳಗೆ ಸೇರ್ಕೊಳ್ತಾನೆ. ನೀವು ಆ ಕಡೆ, ನಾನು ಈ ಕಡೆ ನಡೆಯೋಣ್ವಾ?"

"ಅವ್ನ್ ಗ್ಯಾರಂಟಿ ನಂಗಿಲ್ಲ, ಅಮ್ಮಣ್ಣಿ."

"ರಸ್ತೆ ಅಗಲ ಇದೆಯಲ್ಲ!"

ಹೀಗೆ ಶುರುವಾಯಿತು. ಮೊಸರು ಹಾಕಿ ಮುಗಿದ ಮೇಲೆ, ಖಾಲಿ ಸೈಟುಗಳ ಆಚೆ ಒಬ್ಬಳು, ಈಚೆ ಒಬ್ಬಳು, ಒಂದೇ ದಿಕ್ಕಿಗೆ. ಇಬ್ಬರೂ ಕೂಗಿಕೊಂಡೇ ಮಾತಾಡಬೇಕು. ಅಲಮೇಲು ಮಂಡ್ಯದ ತವರುಮನೆಯ ಸುದ್ದಿಯನ್ನು ಕೂಗಿ ಹೇಳಿದಳು, ಚಿಕ್ಕಗಂಗಮ್ಮ ಸೊಪ್ಪಿನ ಸಾರು ಮಾಡುವ ಬಗೆಯನ್ನು ಕೂಗಿ ಹೇಳಿದಳು. ಗಾರೆ ಕೆಲಸದವರು ಕರಣೆ ಹಿಡಿದು ನಿಂತು ನಗುತ್ತಿದ್ದರು. ನಾಯಿಗಳು ಒಪ್ಪಿದಷ್ಟು ಹೆಂಗಸರು ಹತ್ತಿರವಾದರು. ಅವರೆಕಾಯಿಯ ಕಾಲ ಬರುವ ಹೊತ್ತಿಗೆ ಕೂಗುವುದು ನಿಂತು, ಪಿಸುಮಾತಿನ ಗುಟ್ಟುಗಳನ್ನೂ ಹೇಳಿಕೊಳ್ಳುವಷ್ಟಾಗಿತ್ತು. ಹೊಂಗೆಯ ನೆರಳಲ್ಲಿ ದೊರೆಯೂ ಜಿಮ್ಮಿಯೂ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಮಲಗುತ್ತಿದ್ದರು. ಸ್ನೇಹವೇನಲ್ಲ, ಇರಲಿ ಬಿಡು ಎಂಬ ಒಪ್ಪಂದ.

ಆ ಬೇಸಿಗೆಯಲ್ಲಿ ಚಿಕ್ಕಗಂಗಮ್ಮ ಜ್ವರ ಹಿಡಿದು ಮಲಗಿದಳು. ಮೊಸರು ಬರದೆ ಕಳವಳಗೊಂಡ ಅಲಮೇಲು ಔಷಧಿಯ ಸೀಸೆ ಹಿಡಿದು, ಜಿಮ್ಮಿಯ ಜೊತೆ, ದಾರಿ ಕೇಳಿಕೊಂಡು ಹೆಗ್ಗನಹಳ್ಳಿಗೇ ನಡೆದು ಬಂದಳು. ಊರ ಬಾಗಿಲಲ್ಲಿ ಪರನಾಯಿಯ ವಾಸನೆ ಹಿಡಿದು ಊರನಾಯಿಗಳೆಲ್ಲ ಬೊಗಳುತ್ತ ಮುತ್ತಿಕೊಂಡವು. ಜಿಮ್ಮಿ ಅವಳ ಸೀರೆಯೊಳಗೆ ನುಗ್ಗಿದ. ಆ ಗದ್ದಲಕ್ಕೆ ಜಗಲಿಯಿಂದ ದೊರೆ ಜಿಗಿದು ಬಂದ. ಅಲಮೇಲು ಕಣ್ಣು ಮುಚ್ಚಿಕೊಂಡಳು.

ದೊರೆ ಜಿಮ್ಮಿಯನ್ನು ಒಮ್ಮೆ ಮೂಸಿದ. ತಿರುಗಿ ಊರನಾಯಿಗಳ ಕಡೆ ಮುಖ ಮಾಡಿ ಸುಮ್ಮನೆ ನಿಂತ. ಬೊಗಳಲೂ ಇಲ್ಲ, ಹಲ್ಲು ಕಿರಿಯಲೂ ಇಲ್ಲ. ಬಾವಿಯ ಹತ್ತಿರ ಅವನಿಗೆ ಹೆದರಿ ಅಭ್ಯಾಸವಾಗಿದ್ದ ನಾಯಿಗಳು ಒಂದೊಂದಾಗಿ ಹಿಂದೆ ಸರಿದವು. ಆಮೇಲೆ ಅವನು ಮುಂದೆ ಮುಂದೆ ನಡೆದ, ಅಲಮೇಲುವೂ ಜಿಮ್ಮಿಯೂ ಹಿಂದೆ.

ಕಂಬಳಿ ಹೊದ್ದು ಒರಗಿದ್ದ ಚಿಕ್ಕಗಂಗಮ್ಮ ಬಾಗಿಲಲ್ಲಿ ಮೂವರನ್ನೂ ಒಟ್ಟಿಗೆ ಕಂಡು ಜ್ವರದ ಭ್ರಮೆಯೆಂದುಕೊಂಡಳು.

"ಇವನೇ ಕರ್ಕೊಂಡ್ ಬಂದ," ಎಂದಳು ಅಲಮೇಲು, ನಗುತ್ತ.

ತಮ್ಮ ಮನೆಯ ಲೋಟವನ್ನು ಆ ಜಾತಿಯವರು ಮುಟ್ಟುವರೋ ಇಲ್ಲವೋ ಎಂದು ಸಂಕೋಚಪಡುತ್ತ ಬೈರಪ್ಪ ಮಜ್ಜಿಗೆ ತಂದು ದೂರದಲ್ಲಿಟ್ಟ. ಅಲಮೇಲು ಎದ್ದುಹೋಗಿ ತೆಗೆದುಕೊಂಡು ಗಟಗಟನೆ ಕುಡಿದಳು. "ನಮ್ಮನೇಲಿ ಹೇಳ್ಬೇಡಿ," ಎಂದಳು.

ಮುಂದೆ ಆ ಹೊಲಗಳೆಲ್ಲ ಮನೆಗಳಾದವು, ಬೀದಿಬೀದಿಗೂ ಅಂಗಡಿಗಳು ಬಂದವು, ತಲೆಹೊರೆಯ ಮೊಸರನ್ನು ಕೇಳುವವರು ಕಡಿಮೆಯಾದರು. ಆ ಹೊತ್ತಿಗೆ ದೊರೆಯೂ ಇರಲಿಲ್ಲ, ಜಿಮ್ಮಿಯೂ ಇರಲಿಲ್ಲ. ಚಿಕ್ಕಗಂಗಮ್ಮ ಮಾತ್ರ ಬರುತ್ತಲೇ ಇದ್ದಳು, ಬರಿಗೈಯಲ್ಲಿ. ಅಲಮೇಲು ಚಪ್ಪಲಿ ಮೆಟ್ಟಿ ಹೊರಡುವಳು. ಇಬ್ಬರೂ ಬೀದಿಯ ಕೊನೆಯ ಹೊಂಗೆಮರದವರೆಗೆ ಹೋಗಿ, ಅದರ ನೆರಳಲ್ಲಿ ಸ್ವಲ್ಪ ಹೊತ್ತು ಕುಳಿತು, ತಿರುಗಿ ಬರುತ್ತಿದ್ದರು.