ಕಿವಿಯಮ್ಮನ ಮೇಜು

ಊರಿನವರು ಎಸೆದ ಪ್ಲಾಸ್ಟಿಕ್ ಕವರುಗಳೆಲ್ಲ ಕೊನೆಗೆ ಬಂದು ಬೀಳುವುದು ಕಿವಿಯಮ್ಮನ ಮೇಜಿನ ಮೇಲೆ. ಅವಳಿಗೆ ಬೇರೆ ಹೆಸರಿದೆ, ಆದರೆ ಕಸ ವಿಂಗಡಿಸುವ ಆ ಶೆಡ್ಡಿನಲ್ಲಿ ಯಾರಿಗೂ ಅದು ನೆನಪಿಲ್ಲ. ಕವರನ್ನು ಕಿವಿಯ ಹತ್ತಿರ ಹಿಡಿದು ಮುದುಡುತ್ತಾಳೆ. ಚರಚರ ಎಂದರೆ ಎಡಗಡೆಯ ಬುಟ್ಟಿಗೆ, ಸದ್ದಿಲ್ಲದ ಮೆತ್ತನೆಯದಾದರೆ ಬಲಗಡೆಗೆ. ಎರಡೂ ಬೆರೆತರೆ ಕರಗಿಸುವ ಕಾರ್ಖಾನೆಯವರು ಮುಟ್ಟುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಊರು ಎಂಟಂತಸ್ತು ಎದ್ದಿತು, ಕೈಗಾಡಿಯಲ್ಲಿ ಬರುತ್ತಿದ್ದ ಕಸ ಲಾರಿಯಲ್ಲಿ ಬರತೊಡಗಿತು, ಅವಳ ಕಿವಿ ಮಾತ್ರ ತಪ್ಪಿರಲಿಲ್ಲ. ಅದರ ಜಂಬವೂ ಸ್ವಲ್ಪ ಇತ್ತು ಅನ್ನಿ. ಇರಬಾರದೇ?

ಪಕ್ಕದಲ್ಲಿ ಸೊಸೆ. ಹನ್ನೊಂದು ವರ್ಷದ ಹಿಂದೆ ಅವಳಿಗೆ ಕೆಲಸ ಕಲಿಸಿದ್ದೂ ಕಿವಿಯಮ್ಮನೇ. ಇತ್ತೀಚೆಗೆ ಯಾಕೋ ಸೊಸೆ ತುಟಿಯನ್ನಷ್ಟೇ ಅಲ್ಲಾಡಿಸಿ ಸುಮ್ಮನಾಗುತ್ತಿದ್ದಳು. ಏನೋ ಮುನಿಸಿರಬೇಕು, ತಾನಾಗಿ ಇಳಿಯಲಿ ಎಂದು ಅತ್ತೆಯೂ ಬಿಗುಮಾನದಲ್ಲಿದ್ದಳು.

ಆ ಬೆಳಿಗ್ಗೆ ಕಾರ್ಖಾನೆಯಿಂದ ಒಂದು ಮೂಟೆ ವಾಪಸು ಬಂತು. ಮೆತ್ತನೆಯ ಕವರಿನ ಮೂಟೆಯ ತುಂಬ ಚರಚರದವು. ಶೆಡ್ಡಿನ ಮೇಸ್ತ್ರಿಯ ಗಂಟಲಂತೂ ಮೂರು ಬೀದಿಗೆ ಕೇಳುವಂಥದ್ದು.

"ಇದು ನಿಮ್ಮ ಮೇಜಿಂದೇ. ಇಬ್ಬರಲ್ಲಿ ಯಾರು ಅಂತ ಹೇಳಿ. ಅವರು ನಾಳೆಯಿಂದ ಅಂಗಳ ಗುಡಿಸ್ಬೇಕು."

ಸೊಸೆ ತಲೆ ತಗ್ಗಿಸಿ ಎದೆಯ ಮೇಲೆ ಕೈಯಿಟ್ಟಳು, ನಾನೇ ಎನ್ನುವಂತೆ.

ಕಿವಿಯಮ್ಮನಿಗೆ ಪಿತ್ತ ನೆತ್ತಿಗೇರಿತು. "ಇಷ್ಟು ವರ್ಷ ಬಡ್ಕೊಂಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲೇ. ಇಲ್ಲಿ ಕೇಳು."

ಮೆತ್ತನೆಯದೊಂದನ್ನು ಕಿವಿಗೆ ಹಿಡಿದು ಮುದುಡಿದಳು. ಸದ್ದಿಲ್ಲ. ಸರಿ. ಆಮೇಲೆ ಬಿಸ್ಕತ್ತಿನ ಕವರು. ಅದಕ್ಕೂ ಸದ್ದಿಲ್ಲ. ಕಿವಿ ಬದಲಿಸಿ ಇನ್ನೂ ಜೋರಾಗಿ ಹಿಸುಕಿದಳು. ಆಚೆ ಮೇಜಿನವರು ಆ ಸದ್ದಿಗೆ ತಿರುಗಿ ನೋಡಿದರು. ಅವಳಿಗೆ ಮಾತ್ರ ಏನೂ ಕೇಳಲಿಲ್ಲ. ಸೊಸೆ ನೆಲ ನೋಡುತ್ತಿದ್ದಳು. ಸೊಸೆಗೆ ಮುನಿಸೇ ಇರಲಿಲ್ಲ ಎಂಬುದೂ ಆಗಲೇ ಹೊಳೆಯಿತು.

ಬಾಯಿ ಮುಚ್ಚಿಕೊಂಡಿದ್ದರೆ ಮೇಜು ಉಳಿಯುತ್ತದೆ, ಪೊರಕೆ ಸೊಸೆಯ ಕೈಗೆ ಹೋಗುತ್ತದೆ. ಈ ಮೇಜು ಬಿಟ್ಟರೆ ತನಗಾದರೂ ಏನಿದೆ? ಸುಳ್ಳೇಕೆ, ಏನೂ ಆಗದವಳಂತೆ ಅವಳು ಇನ್ನೊಂದು ಕವರಿಗೆ ಕೈಚಾಚಿದಳು ಕೂಡ.

"ಇವಳಲ್ಲ ಮೇಸ್ತ್ರಿ, ನಾನು," ಎಂದಳು ಕೊನೆಗೆ. "ನನಗೆ ಕಿವಿ ಕೇಳಿಸ್ತಿಲ್ಲ."

ಸೊಸೆ ಅವಳ ಕಿವಿಗೇ ಬಾಯಿಟ್ಟಳು. "ಅತ್ತೆ, ಆ ಸದ್ದಿನ ವ್ಯತ್ಯಾಸ ನನಗೆ ಯಾವತ್ತೂ ಹತ್ತಲೇ ಇಲ್ಲ. ಬೈತೀರಾ ಅಂತ ಹೇಳಿರಲಿಲ್ಲ. ನಾನು ಹೀಗೆ ನೋಡ್ತೀನಿ." ಬಿಸ್ಕತ್ತಿನ ಕವರನ್ನು ಅತ್ತೆಯ ಮುಷ್ಟಿಯಲ್ಲಿಟ್ಟು ಬೆರಳು ಮಡಿಸಿ ಒತ್ತಿ ಬಿಟ್ಟಳು. ಕವರು ಒಳಗೇ ಅರಳಿ ಬೆರಳುಗಳನ್ನು ತಳ್ಳಿತು. ಮೆತ್ತನೆಯದು ಮುದ್ದೆಯಾಗಿಯೇ ಕೂತಿತು.

"ಎಲಾ ಕಳ್ಳಿ, ಮತ್ತೆ ಇಷ್ಟು ವರ್ಷ ಕಿವಿ ಹತ್ರ ಯಾಕೆ ಹಿಡೀತಿದ್ದೆ?"

"ನೀವು ನೋಡ್ತಿದ್ರಲ್ಲ."

ಮೇಸ್ತ್ರಿ ಕಿವಿಯಮ್ಮನ ಕಣ್ಣು ಮುಚ್ಚಿಸಿ ಒಂದೊಂದಾಗಿ ಹತ್ತು ಕವರು ಕೊಟ್ಟ. ಹತ್ತೂ ಸರಿಯಾದವು. ಪೊರಕೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ವಾಪಸು ಬಂದ ಮೂಟೆಯನ್ನು ಅತ್ತೆ ಸೊಸೆ ಮೇಜಿನ ಮೇಲೆ ಸುರಿದುಕೊಂಡು ಕೂತರು. ಮಧ್ಯಾಹ್ನದ ಹೊತ್ತಿಗೆ ಸೊಸೆಯ ತುಟಿ ಅಲ್ಲಾಡಿತು.

"ಏನಂದೆ? ಗಟ್ಟಿಯಾಗಿ ಹೇಳೇ, ನನಗೆ ಕೇಳಲ್ಲ," ಎಂದಳು ಕಿವಿಯಮ್ಮ, ಇಡೀ ಶೆಡ್ಡಿಗೆ ಕೇಳುವಂತೆ.

"ಊಟಕ್ಕೆ ಏಳಿ ಅಂದೆ, ಅತ್ತೆ. ಆರು ತಿಂಗಳಿಂದ ಅದನ್ನೇ ಅಂತಿದ್ದೀನಿ."