ಉಸಿರಾಡುವಷ್ಟು ನಗು

ಆ ವಿಡಿಯೋ ಕ್ಯಾಸೆಟ್ಟನ್ನು ನನಗೆ ಕೊಟ್ಟವರು ಯಾರೆಂದು ಈಗ ಖಚಿತವಾಗಿ ಹೇಳಲಾರೆ. ಮೈಸೂರಿನಲ್ಲಿ ಜೊತೆಗೆ ಎಂ.ಎ. ಓದಿದ ಗೆಳೆಯ ಎಂದೇ ಬಹಳ ವರ್ಷ ಹೇಳಿಕೊಂಡು ಬಂದೆ. ಕೇಳಿದರೆ ಅವನು ತಾನಲ್ಲ ಎನ್ನುತ್ತಾನೆ. ಅದರಲ್ಲಿದ್ದದ್ದು ಬ್ರಿಟಿಷ್ ಟೀವಿಯ ಪುಟ್ಟ ಪುಟ್ಟ ನಗೆನಾಟಕಗಳು. ಒಂದೊಂದೂ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಿನವು. ತೊಂಬತ್ತರ ದಶಕದ ನಡುವಿನಲ್ಲಿ, ಪಾಂಡವಪುರದ ಒಂದು ಸೈಕಲ್ ಶಾಪಿನ ಮೇಲಿನ ಕೋಣೆಯಲ್ಲಿ, ಅದನ್ನೇ ಪಠ್ಯ ಮಾಡಿಕೊಂಡು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಕೆ.ಆರ್. ಪೇಟೆ, ನಾಗಮಂಗಲದಿಂದ ಬಸ್ಸು ಹಿಡಿದು ಬರುವವರೂ ಇದ್ದರು.

ಮೊದಲು ದನಿ ಇಲ್ಲದೆ ತೋರಿಸುತ್ತಿದ್ದೆ. ಯಾರು ಏನು ಹೇಳುತ್ತಿರಬಹುದೆಂದು ಎಲ್ಲರೂ ಊಹಿಸಬೇಕು. ಆಮೇಲೆ ದನಿ ಕೇಳಿಸಿ, ಇಬ್ಬಿಬ್ಬರು ಎದ್ದು ಅದನ್ನೇ ಆಡಿ ತೋರಿಸಬೇಕು. ಕ್ಯಾಸೆಟ್ಟಿನಲ್ಲಿ ಪ್ರತಿ ಮಾತಿಗೂ ಕಣ್ಣಿಗೆ ಕಾಣದ ಜನ ಗೊಳ್ಳೆಂದು ನಗುತ್ತಿದ್ದರು. ಮೊದಲ ದಿನ ಒಬ್ಬ ಟೀವಿಯ ಹಿಂದೆ ಇಣುಕಿ ನೋಡಿ, "ಯಾರ್ ಸಾ ಇವ್ರು, ಇಂಗ್ ನಗ್ತಾವ್ರಲ್ಲ? ಕೂಲಿಗೆ ಕರ್ಕಂಡ್ ಬಂದವ್ರಾ?" ಎಂದ.

"ನೀನೂ ನಗ್ಲಾ, ನಿಂಗೂ ಕೊಡ್ತಾರೆ," ಎಂದು ಇನ್ನೊಬ್ಬ ಛೇಡಿಸಿದ.

ಅಲ್ಲಿಂದ ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಆಡುವವರು ಒಂದು ಮಾತು ಹೇಳಿ ನಿಲ್ಲಿಸುವುದು, ಕೂತವರೆಲ್ಲ ಕ್ಯಾಸೆಟ್ಟಿನವರ ಹಾಗೆಯೇ ನಗುವುದು, ನಗು ಇಳಿದ ಮೇಲೆ ಮುಂದಿನ ಮಾತು.

ಚಿನಕುರಳಿ ಕಡೆಯಿಂದ ಒಬ್ಬರು ಬರುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಕ್ವಾರಿಯಲ್ಲಿ ಕಲ್ಲು ಒಡೆಯುವವರು. ಎದೆಯೊಳಗೆ ಕಲ್ಲಿನ ಧೂಳು ಕೂತಿದೆ, ಇನ್ನು ಆ ಕೆಲಸ ಮಾಡಿದರೆ ಉಳಿಯುವುದಿಲ್ಲ ಎಂದು ಮೈಸೂರಿನ ಡಾಕ್ಟರು ಅವರಿಗೆ ಹೇಳಿದ್ದರು. ಶ್ರೀರಂಗಪಟ್ಟಣಕ್ಕೆ ವಿದೇಶಿಯರನ್ನು ಕರೆತರುವ ಬಸ್ಸಿನ ಮಾಲೀಕರೊಬ್ಬರಿಗೆ ಗೈಡ್ ಒಬ್ಬ ಬೇಕಾಗಿತ್ತು. ಒಂದು ದಿನ ಜನರ ಜೊತೆ ಓಡಾಡಿಸಿ ನೋಡುತ್ತೇನೆ, ಸರಿಹೋದರೆ ಇಟ್ಟುಕೊಳ್ಳುತ್ತೇನೆ ಎಂದಿದ್ದರು. ಆ ಕೆಲಸ ಸಿಕ್ಕರೆ ಧೂಳು ತಪ್ಪುತ್ತದೆ, ಸಿಗದಿದ್ದರೆ ಮತ್ತೆ ಕ್ವಾರಿ. ಇದು ತರಗತಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ.

ಕೂರಲು ಬಾರದ ಕುರ್ಚಿಯನ್ನು ಗಿರಾಕಿಗೆ ಗಂಟು ಹಾಕುವ ಅಂಗಡಿಯವನ ನಾಟಕ ಅವರಿಗೆ ಬಹಳ ಇಷ್ಟ. ಅಂಗಡಿಯವನು ಯಾವಾಗಲೂ ಅವರೇ. ಒಂದು ಮಾತು ಹೇಳಿ ಮೇಜಿನ ಮೇಲೆ ಕೈಯೂರಿ ನಿಲ್ಲುವರು; ನಾವು ನಗುವೆವು.

ಒಂದು ಸಂಜೆ ನಾನು ಹೇಳಿದೆ: "ಅಣ್ಣ, ಶ್ರೀರಂಗಪಟ್ಟಣದಲ್ಲಿ ಹಿಂಗೆ ನಗೋರು ಇರಲ್ಲ. ನಿಲ್ಲಿಸದೆ ಮಾತಾಡೋದು ರೂಢಿ ಮಾಡ್ಕೊಳ್ಳಿ."

"ನಿಲ್ಲುಸ್ದೆ ಇದ್ರೆ ಉಸ್ರು ಎಲ್ಲಿ ತಕ್ಕಳ್ಳದು ಮೇಷ್ಟ್ರೇ? ಸುಮ್ಗೆ ನಿಂತ್ರೆ ಕಾಯ್ಲೆ ಮನ್ಸ ಅಂತ ಗೊತ್ತಾಗ್ಬುಡ್ತದೆ. ಅವ್ರು ನಗ್ತಾ ಇದ್ರೆ, ನಾನ್ ಉಸ್ರು ತಕ್ಕಂಡುದ್ದು ಯಾರ್ಗೂ ಕಾಣಕಿಲ್ಲ."

ಹಾಗಾಗಿ ಇಡೀ ತರಗತಿ ಅವರಿಗೆ ನಗೆಮಾತು ಹೊಸೆದು ಕೊಡಲು ಕೂತಿತು. ಕೋಟೆಯ ಪಕ್ಕದ ಗಂಜಾಂನ ಹೊಳೆಯ ದಡಕ್ಕೆ: "ಇಲ್ಲಿ ಮಿಂದರೆ ಪಾಪ ಹೋಗುತ್ತದೆ. ಬಸ್ಸು ಅರ್ಧ ಗಂಟೆ ಮಾತ್ರ ನಿಲ್ಲುತ್ತದೆ, ಪಾಪ ಜಾಸ್ತಿ ಇರುವವರು ಮೊದಲು ಇಳಿಯಿರಿ." ಕೋಟೆಯ ಗೋಡೆಗೆ ಅವರೇ ಕಟ್ಟಿದ್ದು: "ಇದನ್ನು ಒಡೆಯಲು ನಿಮ್ಮವರು ಬಹಳ ಕಷ್ಟಪಟ್ಟರು. ನನ್ನನ್ನು ಕರೆದಿದ್ದರೆ ಬೇಗ ಮುಗಿಸಿಕೊಡುತ್ತಿದ್ದೆ." ಇವನ್ನು ಇಂಗ್ಲಿಷಿನಲ್ಲಿ ಉರು ಹೊಡೆದು, ಎಲ್ಲೆಲ್ಲಿ ಉಸಿರು ಬೇಕೋ ಅಲ್ಲಲ್ಲಿ ಕೂರಿಸಿಕೊಂಡರು.

ಉಳಿದದ್ದು ಒಂದೇ ಜಾಗ, ಯುದ್ಧದಲ್ಲಿ ಬಿದ್ದ ಸುಲ್ತಾನನ ಶವ ಸಿಕ್ಕ ಸ್ಥಳ. ಅಲ್ಲಿಗೂ ಏನಾದರೂ ಸೇರಿಸೋಣ ಎಂದೆ. ನಾನೇ ಎಂದೆನೋ, ಹುಡುಗರಲ್ಲಿ ಯಾರಾದರೂ ಅಂದದ್ದನ್ನು ನನ್ನದು ಮಾಡಿಕೊಂಡಿದ್ದೇನೋ, ಈಗ ಗೊತ್ತಿಲ್ಲ. ಅವರ ಉತ್ತರ ಮಾತ್ರ ಅವರ ದನಿಯಲ್ಲೇ ಉಳಿದಿದೆ.

"ಎಣ ಬಿದ್ದ ಜಾಗ್ದಲ್ಲಿ ಯಾರಾರ ನಗುಸ್ತಾರಾ ಮೇಷ್ಟ್ರೇ?"

"ಅವರ ಕಡೆ ಸಾವಿನ ಮೇಲೂ ತಮಾಷೆ ಮಾಡ್ತಾರೆ ಅಣ್ಣ. ಕ್ಯಾಸೆಟ್ಟಲ್ಲೇ ಶವಪೆಟ್ಟಿಗೆಯ ನಾಟಕ ನೋಡಲಿಲ್ವಾ?"

"ಮಾಡ್ಕಳ್ಲಿ. ಅದ್ನ ಆಕ್ದಾಗ ನಾವ್ ಒಬ್ರಾರ ನಕ್ಕುದ್ವಾ?"

ಯಾರೂ ನಕ್ಕಿರಲಿಲ್ಲ. ಅಂದು ಕ್ಯಾಸೆಟ್ಟು ಒಂದೇ ನಕ್ಕು ಸುಮ್ಮನಾಗಿತ್ತು.

"ಅದೊಂದ್ ಜಾಗ ಬುಟ್ಬುಡಿ. ಎಂಗೋ ಯೋಳ್ತೀನಿ," ಎಂದರು.

ಪರೀಕ್ಷೆಯ ದಿನ ಮಾಲೀಕರ ಒಪ್ಪಿಗೆ ಪಡೆದು ನಾನೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಗಂಜಾಂನಲ್ಲಿ ನಗು ಬಂತು, ಅವರಿಗೆ ಉಸಿರು ಸಿಕ್ಕಿತು. ಗೋಡೆಯ ಮಾತಿಗೆ ವಯಸ್ಸಾದ ಬಿಳಿಯರೊಬ್ಬರು ಟೋಪಿ ತೆಗೆದು ನಕ್ಕರು. ಮಾಲೀಕರ ಮುಖ ಅರಳಿತ್ತು. ಕೆಲಸ ಸಿಕ್ಕಿತೆಂದೇ ನಾನು ತಿಳಿದೆ.

ಆ ಜಾಗಕ್ಕೆ ಬಂದಾಗ ಅವರು ಚಪ್ಪಲಿ ಬಿಟ್ಟು ನಿಂತರು. ಯಾರೂ ಹೇಳದಿದ್ದರೂ ಬಂದವರೆಲ್ಲ ಸುಮ್ಮನಾದರು. ಕೋಟೆ ಬಿದ್ದ ಸಂಜೆ ದೀಪ ಹಿಡಿದು ಹುಡುಕಿದ್ದು, ಹೆಣಗಳ ರಾಶಿಯ ಅಡಿಯಲ್ಲಿ ಸುಲ್ತಾನ ಸಿಕ್ಕಿದ್ದು, ಕೈ ಮುಟ್ಟಿದಾಗ ಮೈ ಇನ್ನೂ ಬೆಚ್ಚಗಿತ್ತೆಂದು ಜನ ಹೇಳುವುದು, ಇಷ್ಟನ್ನೂ ಒಂದೇ ಸಮನೆ ಹೇಳಿಕೊಂಡು ಹೋದರು. ಅಂಥ ಮೌನದಲ್ಲಿ ನಡುವೆ ಕ್ಷಣ ನಿಂತಿದ್ದರೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಏಕೆ ನಿಲ್ಲಲಿಲ್ಲವೋ. ಕಾಯಿಲೆ ಕಂಡುಬಿಡುತ್ತದೆಂಬ ಭಯವೋ, ಸತ್ತವನ ವಿಷಯವನ್ನು ಅರ್ಧಕ್ಕೆ ನಿಲ್ಲಿಸಬಾರದೆಂದೋ. ನಾನು ಕೇಳಲಿಲ್ಲ. ಕೊನೆಯ ಮಾತು ಮುಗಿಯುವ ಮೊದಲೇ ಕೆಮ್ಮು ಹತ್ತಿಕೊಂಡಿತು. ಕಂಬಿ ಹಿಡಿದು ನೆಲಕ್ಕೆ ಕೂತರು. ಒಬ್ಬ ಹೆಂಗಸು ತನ್ನ ಬಾಟಲಿಯ ನೀರು ಕೊಟ್ಟಳು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದರು. "ಬಹಳ ಚೆನ್ನಾಗಿ ಮಾತಾಡ್ತಾರೆ ಸಾರ್. ಆದ್ರೆ ಈ ಕೆಮ್ಮಿಗೆ ಜನ ಹೆದರ್ಕೋತಾರೆ. ವಾಸಿ ಆದಮೇಲೆ ಬರೋಕೆ ಹೇಳಿ." ಅವರ ಮಾತಿನಲ್ಲಿ ಒರಟುತನವೇನೂ ಇರಲಿಲ್ಲ.

ವಾಪಸು ಬರುವಾಗ ಪಾಂಡವಪುರದ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತಿದ್ದರು. ರೈಲ್ವೆ ಗೇಟು ದಾಟಿದ ಮೇಲೆ, "ಅವ್ರೂ ನಗ್ನಿಲ್ಲ, ನೋಡುದ್ರಾ ಮೇಷ್ಟ್ರೇ? ಒಳ್ಳೆ ಜನ," ಎಂದರು.

ಮತ್ತೆ ಕ್ವಾರಿಗೇ ಹೋದರು. ಒಡೆಯುವ ಕೆಲಸ ಬಿಡಿಸಿ ಲಾರಿಗಳನ್ನು ನೋಡಿಕೊಳ್ಳುವುದಕ್ಕೆ ಹಾಕಿದ್ದರು. ಧೂಳು ಅಲ್ಲಿಯೂ ಅದೇ. ತರಗತಿಗೆ ಬರುವುದು ನಿಂತಿತು.

ಮುಂದಿನ ಚಳಿಗಾಲದಲ್ಲಿ ಅವರ ಮನೆಗೆ ಹೋದಾಗ ಬಿಸಿಲಿಗೆ ಹಾಕಿದ ಮಂಚದಲ್ಲಿ ಒರಗಿದ್ದರು. ಅಂಗಿಯೊಳಗೆ ಮೈಯೇ ಇದ್ದಂತಿರಲಿಲ್ಲ. "ಒಸದು ಯಾವ್ದು ಆಕುದ್ರಿ ಮೇಷ್ಟ್ರೇ, ಕ್ಯಾಸೆಟ್ಟು? ಯೋಳಿ," ಎಂದರು. ತನ್ನ ಮನೆಗೇ ದಾರಿ ಕೇಳುತ್ತಾ ಬೀದಿಯೆಲ್ಲ ಸುತ್ತುವ ಪೋಸ್ಟ್‌ಮ್ಯಾನಿನದನ್ನು ಹೇಳತೊಡಗಿದೆ. ಅವನು ತನ್ನ ಹೆಂಡತಿಯನ್ನೇ ದಾರಿ ಕೇಳುವಲ್ಲಿಗೆ ಬಂದಾಗ ನಕ್ಕುಬಿಟ್ಟರು. ನಗು ಕೆಮ್ಮಾಯಿತು. ಕೆಮ್ಮು ಉಸಿರನ್ನು ಕಟ್ಟಿ ಹಾಕಿತು. ಅವರ ಹೆಂಡತಿ ಒಳಗಿನಿಂದ ಓಡಿ ಬಂದು ಬೆನ್ನು ನೀವುತ್ತಾ, "ನಗುಸ್ಬ್ಯಾಡಿ ಮೇಷ್ಟ್ರೇ, ನಿಮ್ ದಮ್ಮಯ್ಯ," ಎಂದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವರು ಕೈಸನ್ನೆ ಮಾಡಿದರು, ಮುಂದಕ್ಕೆ ಹೇಳಿ ಎಂದು.

"ಮುಂದಿನದು ಮರೆತೋಯ್ತು ಅಣ್ಣ," ಎಂದೆ.

ತೊಣ್ಣೂರು ಕೆರೆಗೆ ಈ ಸಲ ಎಷ್ಟು ನೀರು ಬಂದಿದೆ, ಬೆಳಗಿನ ಬಸ್ಸು ಯಾಕೆ ನಿಂತಿತು ಎಂಬುದನ್ನೆಲ್ಲ ಮಾತಾಡಿದೆ. ಅವರು ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು. ಸಂಕ್ರಾಂತಿಗೆ ಮೊದಲೇ ತೀರಿಕೊಂಡರು.