ನಾಲ್ಕು ಹೆಜ್ಜೆಯಾಚೆಗಿನ ಹಡಗು

ಒಂಬತ್ತು ವರ್ಷಗಳ ಕಾಲ ರುಶ್ದಿ ಅತಿಯ್ಯಾ ಜಗತ್ತಿನ ಹಡಗುಗಳ ಮೇಲೆಲ್ಲ ಒಬ್ಬನೇ ಯುದ್ಧ ಮಾಡಿದ. ಪೂರ್ವದಿಂದ ಬಂದದ್ದು, ಪಶ್ಚಿಮಕ್ಕೆ ಹೋದದ್ದು, ಎಣ್ಣೆ ಹೊತ್ತದ್ದು, ಕಾರು ಹೊತ್ತದ್ದು, ಮೂರು ಬೀದಿಯಷ್ಟು ಉದ್ದದ್ದು, ಯಾವುದನ್ನೂ ಬಿಡಲಿಲ್ಲ. ಕ್ಯಾಮೆರಾದ ಎದುರು ಬಂದದ್ದನ್ನೆಲ್ಲ ಮಂಜು ಮಾಡಿ ಬಿಸಾಡಿದ. ಹಡಗು ಕಾಲುವೆಯ ಬಾಯಲ್ಲಿರುವ ನಮ್ಮ ಪೋರ್ಟ್ ಸೈದಿನಲ್ಲಿ ಮಗುವಿನ ಮೊದಲ ಫೋಟೋದಿಂದ ಮದುವೆಯ ಫೋಟೋದವರೆಗೆ ಎಲ್ಲದರ ಹಿಂದೆಯೂ ಒಂದು ಹಡಗು ಇರಲೇಬೇಕು. ರುಶ್ದಿಯ ಫೋಟೋದಲ್ಲಿ ಮುಖ ಮಾತ್ರ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟ. ನಾಲ್ಕು ಹೆಜ್ಜೆಯಾಚೆ ಏನಿದ್ದರೂ ಗಂಜಿ.

ಇದಕ್ಕೆ ಕಾರಣವೇನೆಂದು ಕಾಲುವೆ ದಂಡೆಯ ಕಾಫಿ ಅಂಗಡಿಯಲ್ಲಿ ನಾವು ವರ್ಷಗಟ್ಟಲೆ ಚರ್ಚಿಸಿದ್ದೇವೆ. ನಿವೃತ್ತ ಮೇಷ್ಟ್ರು ಫರಗಲ್ಲಾನ ಸಿದ್ಧಾಂತಕ್ಕೆ ಬೆಂಬಲ ಹೆಚ್ಚು. ರುಶ್ದಿಯ ಅಪ್ಪ ಅತಿಯ್ಯಾ ಪುಟ್ಟ ದೋಣಿಯಲ್ಲಿ ಹೋಗಿ, ನಿಂತ ಹಡಗುಗಳ ನಾವಿಕರ ಜೊತೆ ಸರಕಿಗೆ ಸರಕು ಬದಲಾಯಿಸುತ್ತಿದ್ದವನು. ಒಂದು ದಿನ ಯಾವನೋ ನಾವಿಕ ಎರಡು ಚರ್ಮದ ದಿಂಬು, ಒಂದು ಹುಲ್ಲು ತುಂಬಿದ ಒಂಟೆ ಬೊಂಬೆ ತೆಗೆದುಕೊಂಡು ಇವನ ಕೈಗೆ ಒಂದು ಭಾರದ ಲೆನ್ಸ್ ಕೊಟ್ಟ. ಕ್ಯಾಮೆರಾ ಕೊಡಲಿಲ್ಲ. ಬಾಗಿಲೇ ಇಲ್ಲದೆ ಬಾಗಿಲ ಹಿಡಿ ತಂದಿದ್ದಾನೆ ಎಂದು ಊರು ನಕ್ಕಿತು. ಲೆನ್ಸ್ ಬಿಸ್ಕತ್ತಿನ ಡಬ್ಬಿ ಸೇರಿತು, ಅತಿಯ್ಯಾ ಮಣ್ಣು ಸೇರಿದ. ಅಪ್ಪನ ಅವಮಾನಕ್ಕೆ ಮಗ ಹಡಗು ಕುಲದ ಮೇಲೆಯೇ ಸೇಡು ತೀರಿಸುತ್ತಿದ್ದಾನೆ, ಅದೂ ಅದೇ ಲೆನ್ಸಿನಿಂದ: ಇದು ಫರಗಲ್ಲಾನ ವಾದ. ರುಶ್ದಿಯನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಚರ್ಚೆ ಮುಗಿದುಹೋಗುತ್ತದೆ ಎಂಬ ಭಯಕ್ಕೆ ಯಾರೂ ಕೇಳಲಿಲ್ಲ.

ಒಂಬತ್ತು ವರ್ಷದ ಹಿಂದೆ ರುಶ್ದಿ ಹಳೆಯದೊಂದು ಡಿಜಿಟಲ್ ಕ್ಯಾಮೆರಾ ಕೊಂಡ. ಅಪ್ಪನ ಲೆನ್ಸನ್ನು ಅದರ ಬಾಯಿಗೆ ಕೂರಿಸಲು ನಡುವೆ ಒಂದು ರಿಂಗ್ ಬೇಕು. ಆ ಲೆನ್ಸಿನ ತಿರುಪಿಗೆ ಹೊಂದುವ ರಿಂಗ್ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಆಗ ಕೈಹಿಡಿದವನು ಅವನಪ್ಪನ ಗೆಳೆಯ ಉಸ್ತಾ ಬಖೀತ್, ಅಂದರೆ ಬಖೀತ್ ಮೇಸ್ತ್ರಿ. ನಲವತ್ತು ವರ್ಷ ಹಡಗು ರಿಪೇರಿಯ ಲೇತ್ ನಡೆಸಿ, ಕೊಳವೆ, ಕವಾಟ, ಪಂಪುಗಳ ಜೊತೆಯೇ ಬಾಳಿದ ಮುದುಕ. ಹಿತ್ತಾಳೆಯಲ್ಲಿ ಅಂದದ ರಿಂಗ್ ಕಡೆದುಕೊಟ್ಟು, ಕಾಸು ಮುಟ್ಟಲಿಲ್ಲ. ಕಾಫಿ ಅಂಗಡಿಗೆ ತಂದು, ನಮ್ಮೆಲ್ಲರ ಮುಂದೆ, ಕ್ಯಾಮೆರಾಕ್ಕೆ ಜೋಡಿಸಿದ್ದ ಆ ರಿಂಗಿನ ಮೇಲೆ ಒಂದು ಗ್ಲಾಸು ನೀರು ಸುರಿದ. ರುಶ್ದಿಯ ಮುಖ ಬಿಳುಚಿತು. ಬಖೀತ್ ಕ್ಯಾಮೆರಾ ಎತ್ತಿ ಎಲ್ಲರಿಗೂ ತೋರಿಸಿದ.

"ನೋಡ್ಕೊಳ್ಳಿ. ಒಂದು ಹನಿ ಒಳಗೆ ಹೋಗಿದ್ರೆ ನನ್ ಮೀಸೆ ಬೋಳಿಸಿ."

ಮೀಸೆ ಉಳಿಯಿತು. ರುಶ್ದಿ ಅವನ ಕೈಗೆ ಮುತ್ತಿಟ್ಟು ಮನೆಗೆ ಹೋದ. ಮಾರನೇ ದಿನದಿಂದಲೇ ಹಡಗುಗಳ ಮೇಲೆ ಯುದ್ಧ ಶುರುವಾಯಿತು.

ನಿಜ ಹೇಳಬೇಕೆಂದರೆ ಆ ಯುದ್ಧದಿಂದ ಊರಿಗೆ ಲಾಭವೇ ಆಯಿತು. ಬೇರೆ ಫೋಟೋದವರು ದೂರ ನಿಂತು ಗುಂಡಿ ಒತ್ತುತ್ತಾರೆ, ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ರುಶ್ದಿ ಹತ್ತಿರ ಬರಲೇಬೇಕು, ಎದುರಿನವರು ಊಟಕ್ಕೆ ಏನು ತಿಂದಿದ್ದಾರೆ ಎಂದು ವಾಸನೆ ಸಿಗುವಷ್ಟು ಹತ್ತಿರ. ಆಮೇಲೆ ಲೆನ್ಸಿನ ಉಂಗುರವನ್ನು ರೇಡಿಯೋದಲ್ಲಿ ಸ್ಟೇಷನ್ ಹುಡುಕುವವನ ಹಾಗೆ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ತಿರುಗಿಸುತ್ತಾನೆ. ಫೋಟೋಕ್ಕೆಂದು ಹಚ್ಚಿಕೊಂಡ ನಗು ಅಷ್ಟು ಹೊತ್ತು ನಿಲ್ಲುವುದಿಲ್ಲ. ಮೊದಲು ತುಟಿ ದಣಿಯುತ್ತದೆ, ಆಮೇಲೆ ಕಣ್ಣು. ಕೊನೆಗೆ ಅಲ್ಲಿ ಉಳಿಯುವುದು ಆ ಮನುಷ್ಯನ ಮುಖ. ರುಶ್ದಿ ಆಗ ಒತ್ತುತ್ತಾನೆ. ಮೀನು ಮಾರುವ ನಮ್ಮ ಅಕ್ಕ ತೀರಿಕೊಂಡಾಗ ಗೋಡೆಗೆ ಹಾಕಲು ಮನೆಯಲ್ಲಿ ಮೂವತ್ತು ಫೋಟೋ ಇದ್ದವು. ಅವಳು ಇದ್ದದ್ದು ರುಶ್ದಿ ತೆಗೆದ ಒಂದರಲ್ಲೇ.

ಆದರೆ ಮದುವೆಯ ದಿನ ತನ್ನ ಮುಖ ಯಾರಿಗೆ ಬೇಕು? ರುಶ್ದಿಯ ಒಬ್ಬಳೇ ಮಗಳು ಶಹೀರಾಳ ಪ್ರಶ್ನೆ ಇದೇ. ಅವಳ ಮದುವೆ ಹಮ್ಮೂದನ ಜೊತೆ ನಿಶ್ಚಯವಾಗಿತ್ತು. ಹಮ್ಮೂದ ಕಾಲುವೆಯಲ್ಲಿ ಹಡಗು ಎಳೆಯುವ 'ನಸೀಮ್' ಎಂಬ ಟಗ್ ದೋಣಿಯಲ್ಲಿ ಕೆಲಸಗಾರ. ಮದುವೆಯ ಸಂಜೆ ಮದುಮಕ್ಕಳು ಆಚೆ ದಡದ ಪೋರ್ಟ್ ಫುವಾದಿಗೆ ಫೆರಿಯಲ್ಲಿ ದಾಟುವಾಗ ನಸೀಮ್ ಪಕ್ಕದಲ್ಲೇ ಸಿಳ್ಳೆ ಹಾಕುತ್ತಾ ಬರುತ್ತದೆಂದು ಅವನ ಜೊತೆಗಾರರು ಮಾತು ಕೊಟ್ಟಿದ್ದರು. ಫೋಟೋದಲ್ಲಿ ಟಗ್ಗಿನ ಹೆಸರು ಓದಲು ಬರಬೇಕು ಎಂಬುದು ಶಹೀರಾಳ ಹಟ.

"ಬಾಬಾ, ನಿಮ್ ಫೋಟೋದಲ್ಲಿ ಅದು ಸೌಟಲ್ಲಿ ಬಡಿಸಿದ ಫೂಲ್ ಬೇಳೆ ಥರ ಕಾಣತ್ತೆ," ಅಂದಳು ಅವಳು, ನಾವೆಲ್ಲ ಕೇಳುವ ಹಾಗೆ. "ಹಮ್ಮೂದ ಬೇಳೆ ಪಾತ್ರೇಲಿ ಕೆಲ್ಸ ಮಾಡ್ತಾನೆ ಅಂತ ನಾಳೆ ನನ್ ಮಕ್ಕಳು ತಿಳ್ಕೋಬೇಕಾ?"

ಸ್ಟುಡಿಯೋದವನನ್ನು ಕರೆಸುತ್ತೇನೆ ಎಂದಳು. ರುಶ್ದಿ ಈ ಊರಿನ ಎಷ್ಟೋ ಮದುವೆ ಕಂಡವನು, ಆದರೆ ಕ್ಯಾಮೆರಾ ಇಲ್ಲದೆ ಒಂದು ಮದುವೆಯಲ್ಲೂ ನಿಂತವನಲ್ಲ. ಬರಿಗೈಯನ್ನು ಎಲ್ಲಿಡುವುದೆಂದೇ ಅವನಿಗೆ ಗೊತ್ತಿಲ್ಲ. ಮಗಳಿಗೂ ಅದು ತಿಳಿದಿತ್ತೇನೋ, ಸ್ವಲ್ಪ ಇಳಿದಳು. ಸೋಮವಾರ ಫೆರಿಯಲ್ಲಿ ಒಂದು ಫೋಟೋ ತೆಗೆಯಲಿ. ಟಗ್ಗಿನ ಹೆಸರು ಓದಲು ಬಂದರೆ ಮದುವೆ ಅವನ ಕೈಗೆ. ಬರದಿದ್ದರೆ ಕೋಟು ಹಾಕಿಕೊಂಡು ಎಲ್ಲ ಅಪ್ಪಂದಿರ ಹಾಗೆ ಕುರ್ಚಿಯಲ್ಲಿ ಕೂರಬೇಕು.

ಭಾನುವಾರ ಮಧ್ಯಾಹ್ನ ರುಶ್ದಿ ಅರ್ಧ ಕಿಲೋ ರವೆಯ ಸಿಹಿ ಬಸ್ಬೂಸಾ ಕಟ್ಟಿಸಿಕೊಂಡು, ಕ್ಯಾಮೆರಾ ಚೀಲ ಹೆಗಲಿಗೆ ಹಾಕಿ, ಬಖೀತನ ಮನೆಯತ್ತ ಹೋದದ್ದನ್ನು ನಾವು ಕಂಡೆವು. ಎರಡು ಗಂಟೆ ಕಳೆದ ಮೇಲೆ ವಾಪಸು ಬಂದ. ಸೋಲುವ ಮುಂಚೆ ಅಪ್ಪನ ಗೆಳೆಯನ ಆಶೀರ್ವಾದ ಬೇಡಲು ಹೋಗಿದ್ದಾನೆ ಎಂದು ಫರಗಲ್ಲಾ ತೀರ್ಪು ಕೊಟ್ಟ.

ಸೋಮವಾರ ಕಾಫಿ ಅಂಗಡಿಯೇ ಖಾಲಿಯಾಗಿ ಫೆರಿ ಹತ್ತಿತು. ಶಹೀರಾ ಕಂಬಿಗೆ ಒರಗಿ ನಿಂತಳು. ಅವಳ ಭುಜದ ಹಿಂದೆ ದೂರದಿಂದ ನಸೀಮ್ ಬಂತು, ಅದರ ಮೂತಿಯಲ್ಲಿ ನಿಂತು ಹಮ್ಮೂದ ಅಂಗಿ ಬಿಚ್ಚಿ ಬೀಸುತ್ತಿದ್ದ. ರುಶ್ದಿ ಲೆನ್ಸಿನ ಉಂಗುರ ತಿರುಗಿಸಿದ. ಒಂಬತ್ತು ವರ್ಷ ಮಗುವಿನ ಕೆನ್ನೆಯ ಹಾಗೆ ಮುಟ್ಟಿದ್ದ ಉಂಗುರವನ್ನು ಅಂದು ಕೊನೆಯ ಗುರುತು ಮುಟ್ಟುವವರೆಗೂ ತಿರುಗಿಸಿದ. ಒತ್ತಿದ.

ಶಹೀರಾ ಕ್ಯಾಮೆರಾ ಕಿತ್ತುಕೊಂಡು ಪರದೆಯ ಮೇಲೆ ಚಿತ್ರ ದೊಡ್ಡದು ಮಾಡಿದಳು. ನಸೀಮ್. ಅಕ್ಷರ ಅಷ್ಟೇ ಅಲ್ಲ, ಅಕ್ಷರದ ಕೆಳಗಿನ ತುಕ್ಕಿನ ಗೆರೆಯೂ ಇತ್ತು. ಹಮ್ಮೂದನ ಬನಿಯನ್ನಿನ ತೂತೂ ಇತ್ತು. ಫೆರಿ ತುಂಬ ಚಪ್ಪಾಳೆ. ಆಮೇಲೆ ಅವಳು ಚಿತ್ರವನ್ನು ಬದಿಗೆ ಸರಿಸಿದಳು. ಮುಂದೆ ನಿಂತಿದ್ದ ಒಂದು ದೊಡ್ಡ ಹಳದಿ ಮಬ್ಬನ್ನು ಬಹಳ ಹೊತ್ತು ನೋಡಿದಳು.

"ಬಾಬಾ, ಇದ್ಯಾರು?"

"ನೀನೇ."

ಅವಳು ಅಪ್ಪನ ಮುಖ ನೋಡಿದಳು, ಮತ್ತೆ ಮಬ್ಬನ್ನು ನೋಡಿದಳು. ನಗು ತಡೆಯಲು ತುಟಿ ಕಚ್ಚಿದಳು. ಕರಾರು ಕರಾರೇ, ಹೆಸರು ಓದಲು ಬಂದಿತ್ತು. ಟಗ್ಗಿಗೆ ಇದೊಂದು ಫೋಟೋ ಸಾಕು, ಮದುವೆಯಲ್ಲಿ ಉಳಿದದ್ದರಲ್ಲೆಲ್ಲ ತಾನಿರಬೇಕು ಎಂದು ಹೇಳಿ ಕ್ಯಾಮೆರಾವನ್ನು ಅವನ ಕತ್ತಿಗೆ ಹಾಕಿದಳು.

ಸಂಜೆ ಕಾಫಿ ಅಂಗಡಿಯಲ್ಲಿ ಫರಗಲ್ಲಾ ಗಂಟಲು ಸರಿಮಾಡಿಕೊಂಡ. ಒಂಬತ್ತು ವರ್ಷದ ಯುದ್ಧ ಮಗಳ ಪ್ರೀತಿಗೆ ಸೋತಿತು, ಸಮುದ್ರಕ್ಕೆ ಕ್ಷಮೆ ಸಿಕ್ಕಿತು ಎಂದು ಅರ್ಧ ಗಂಟೆ ಭಾಷಣ ಮಾಡಿದ. ಇಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಯಾರೂ ಮಾಡಬಾರದೆಂದುಕೊಂಡ ತಪ್ಪನ್ನು ಅವನೇ ಮಾಡಿದ: ರುಶ್ದಿಯನ್ನು ಕೇಳಿಬಿಟ್ಟ.

"ಹೇಳಪ್ಪ ರುಶ್ದಿ, ಹಡಗುಗಳ ಮೇಲಿನ ಕೋಪ ಹೇಗೆ ಇಳೀತು?"

"ಯಾವ ಕೋಪ?" ಅಂದ ರುಶ್ದಿ, ಚಹಾ ಕಲಕುತ್ತಾ. "ನೀರು ಸೋರಬಾರದು ಅಂತ ಬಖೀತ್ ಆ ರಿಂಗಿನೊಳಗೆ ಒಂದು ರಬ್ಬರ್ ವಾಷರ್ ಇಟ್ಟಿದ್ದ. ಪಂಪಿಗೆ ಇಡ್ತಾರಲ್ಲ, ಹಂಗೆ. ಅದರ ದಪ್ಪಕ್ಕೆ ಲೆನ್ಸ್ ಒಂಚೂರು ಮುಂದೆ ಕೂತಿತ್ತು, ದೂರದ್ದು ಹಿಡೀತಿರ್ಲಿಲ್ಲ. ನಿನ್ನೆ ತೆಗೆಸಿದೆ."

ಒಂಬತ್ತು ವರ್ಷ ಗೊತ್ತಿದ್ದೂ ಸುಮ್ಮನಿದ್ದೆಯಾ ಎಂದು ನಾನು ಕೇಳಿದೆ.

"ಅವನು ನೀರು ಸುರಿದು ತೋರಿಸಿದಾಗ ಅವನ ಮುಖ ನೀವೂ ನೋಡಿದ್ರಲ್ಲ. ಆ ಮುಖಕ್ಕೆ ಹೇಗೆ ಹೇಳೋದು?"

"ಮತ್ತೆ ನಿನ್ನೆ ಹೇಗೆ ಹೇಳ್ದೆ?" ಅಂದ ಫರಗಲ್ಲಾ, ಅಳುವ ದನಿಯಲ್ಲಿ.

"ವಾಷರ್ ಸವೆದಿದೆ ಅಂದೆ. ಮಳೆ ಬರೋಕೆ ಮುಂಚೆ ಹೊಸದು ಹಾಕ್ಕೊಡ್ತಾನಂತೆ."